ಮನಸ್ಸಿನ ಆರೋಗ್ಯ ಮತ್ತು ಲಸಿಕೆ: ರೋಗಿಗಳೂ ಆರೈಕೆ ಮಾಡುವವರೂ ತಿಳಿಯಬೇಕಾದದ್ದು



ಲಸಿಕೆ ಹಾಕುವ ಕೋಣೆಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತೊಂದಿದೆ: “ಸಿಸ್ಟರ್, ಇವರು ಮನಸ್ಸಿನ ಕಾಯಿಲೆಗೆ ಗುಳಿಗಿ ತಗೋತಾರ್ರಿ. ಇವರಿಗೆ ಲಸಿಕಿ ಹಾಕಿಸಬಹುದೇನ್ರಿ? ಹಾಕಿಸಿದ್ರೂ ಹತ್ತತೈತೇನ್ರಿ?” ಹೀಗೆ ಕೇಳುವುದು ಒಳ್ಳೆಯದೇ. ಆದರೆ ಕೆಲವರು ಕೇಳುವುದಿಲ್ಲ, ಗುಳಿಗೆಯ ವಿಷಯವನ್ನೇ ಮುಚ್ಚಿಡುತ್ತಾರೆ. ಇನ್ನು ಕೆಲವರು ಲಸಿಕೆಗೆಂದು ತಾವಾಗಿಯೇ ಗುಳಿಗೆ ನಿಲ್ಲಿಸಿ ಬರುತ್ತಾರೆ. ಎರಡೂ ತಪ್ಪು. ಏಕೆಂಬುದನ್ನು ತಿಳಿಯೋಣ.

ಲಸಿಕೆ ದೇಹದಲ್ಲಿ ಏನು ಮಾಡುತ್ತದೆ?

ಲಸಿಕೆಯು ದೇಹಕ್ಕೆ ಕೊಡುವ ಒಂದು ಪಾಠ. ರೋಗಾಣುವಿನ ಗುರುತನ್ನು ಅದು ನಮ್ಮ ಬಿಳಿ ರಕ್ತಕಣಗಳಿಗೆ ತೋರಿಸಿಕೊಡುತ್ತದೆ. ಆಗ ಈ ಕಣಗಳಲ್ಲಿ ಕೆಲವು ಪ್ರತಿಕಾಯಗಳನ್ನು ತಯಾರಿಸುತ್ತವೆ, ಕೆಲವು ಆ ಗುರುತನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಎರಡು-ಮೂರು ವಾರ ಬೇಕು. ಪಾಠ ಚೆನ್ನಾಗಿ ನಾಟಬೇಕಾದರೆ ಕಲಿಯುವ ದೇಹವೂ ತಕ್ಕಮಟ್ಟಿಗೆ ಸಿದ್ಧವಾಗಿರಬೇಕು.

ಮನಸ್ಸಿಗೂ ಇದಕ್ಕೂ ಏನು ಸಂಬಂಧ?

ಭಯ ಅಥವಾ ಚಿಂತೆಯಾದಾಗ ಮೆದುಳಿನ ಸೂಚನೆಯಂತೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಸ್ವಲ್ಪ ಹೊತ್ತಿನ ಮಟ್ಟಿಗೆ ಇದು ದೇಹಕ್ಕೆ ಉಪಯುಕ್ತ. ಆದರೆ ಚಿಂತೆ ತಿಂಗಳುಗಟ್ಟಲೆ ಉಳಿದರೆ ರೋಗನಿರೋಧಕ ಕಣಗಳ ಕೆಲಸ ಮಂದವಾಗಬಹುದು. ಖಿನ್ನತೆಯಲ್ಲಿ ನಿದ್ರೆ ಕೆಡುತ್ತದೆ, ಊಟ ಸೇರುವುದಿಲ್ಲ, ನಡೆದಾಟ ಕಡಿಮೆಯಾಗುತ್ತದೆ. ಕೆಲವರಲ್ಲಿ ತಂಬಾಕು, ಮದ್ಯ ಹೆಚ್ಚಾಗುತ್ತವೆ. ಇವೂ ದೇಹದ ಶಕ್ತಿಯನ್ನು ಕುಗ್ಗಿಸುತ್ತವೆ.

1999ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಪ್ರಕಟವಾಯಿತು. ಮರೆವಿನ ಕಾಯಿಲೆಯ ಗಂಡ ಅಥವಾ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದ 50 ವೃದ್ಧರಿಗೆ, ಹಾಗೂ ಅಂಥ ಹೊಣೆಯಿಲ್ಲದ 67 ವೃದ್ಧರಿಗೆ ಫ್ಲೂ ಲಸಿಕೆ ಹಾಕಲಾಯಿತು. ಹೊಣೆಯಿಲ್ಲದವರಲ್ಲಿ 26 ಮಂದಿಗೆ ಪ್ರತಿಕಾಯಗಳು 4 ಪಟ್ಟು ಏರಿದವು. ಆರೈಕೆ ಮಾಡುವವರಲ್ಲಿ ಅಷ್ಟು ಏರಿದ್ದು 8 ಮಂದಿಗೆ ಮಾತ್ರ. ಗಮನಿಸಿ, ಇವರು ರೋಗಿಗಳಲ್ಲ, ರೋಗಿಯ ಪಕ್ಕದಲ್ಲಿ ಕುಳಿತವರು!

2013ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಅಧ್ಯಯನ ಭರವಸೆ ಕೊಡುವಂಥದ್ದು. ಸರ್ಪಸುತ್ತಿನ ಲಸಿಕೆ ಪಡೆದ ವೃದ್ಧರಲ್ಲಿ, ಖಿನ್ನತೆಗೆ ಚಿಕಿತ್ಸೆ ಪಡೆಯದವರ ರಕ್ಷಣಾ ಶಕ್ತಿ ಕಡಿಮೆ ಏರಿತು. ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಅದು ಖಿನ್ನತೆಯಿಲ್ಲದವರ ಹಾಗೆಯೇ ಇತ್ತು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುವುದು ಲಸಿಕೆಗೂ ಸಹಾಯಕವಾಗಬಹುದು ಎಂಬುದಕ್ಕೆ ಇದು ಸೂಚನೆ.

ಹಾಗಾದರೆ ಲಸಿಕೆ ವ್ಯರ್ಥವೇ?

ಖಂಡಿತ ಅಲ್ಲ. ಪ್ರತಿಕಾಯ ಸ್ವಲ್ಪ ಕಡಿಮೆಯಾಯಿತೆಂದರೆ ರಕ್ಷಣೆಯೇ ಇಲ್ಲವೆಂದಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಕೋವಿಡ್‌ನಿಂದ ಸಾವು ಹೆಚ್ಚಾಗಿತ್ತೆಂದು ಹಲವು ದೇಶಗಳಲ್ಲಿ ಕಂಡುಬಂದಿದೆ. ಆದ್ದರಿಂದ ಇಂಥವರಿಗೆ ಲಸಿಕೆಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ. ಮನಸ್ಸು ಸರಿಹೋದ ಮೇಲೆ ಹಾಕಿಸೋಣವೆಂದು ಮುಂದೂಡಬೇಡಿ. ನಾಯಿ ಕಚ್ಚಿದಾಗಲಂತೂ ಒಂದು ದಿನವೂ ಕಾಯುವಂತಿಲ್ಲ.

ನೀವು ಪಾಲಿಸಬೇಕಾದ ಅಂಶಗಳು

1. ಲಸಿಕೆಗಾಗಿ ಮನಸ್ಸಿನ ಕಾಯಿಲೆಯ ಗುಳಿಗೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

2. ಔಷಧದ ಚೀಟಿಯನ್ನು ತಂದು ನರ್ಸ್ ಅಥವಾ ವೈದ್ಯರಿಗೆ ತೋರಿಸಿ. ಮನಸ್ಸಿನ ಕಾಯಿಲೆಯೂ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತೆ ಒಂದು ಕಾಯಿಲೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

3. ಎಲ್ಲ ಡೋಸ್‌ಗಳನ್ನೂ ಪೂರ್ಣಗೊಳಿಸಿ. ದೊಡ್ಡವರಿಗೆ ಹೆಪಟೈಟಿಸ್-ಬಿ ಲಸಿಕೆಯನ್ನು ಸಾಮಾನ್ಯವಾಗಿ ಮೊದಲ ದಿನ, 1 ತಿಂಗಳಿಗೆ ಮತ್ತು 6 ತಿಂಗಳಿಗೆ ಹಾಕುತ್ತಾರೆ. ಖಿನ್ನತೆ ಇರುವವರು ಮುಂದಿನ ತಾರೀಖನ್ನು ಮರೆಯುವುದುಂಟು. ಮನೆಯವರು ಅದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

4. ಲಸಿಕೆಯ ಹಿಂದಿನ ಮತ್ತು ಮುಂದಿನ ದಿನಗಳಲ್ಲಿ ರಾತ್ರಿ 7-8 ಗಂಟೆ ನಿದ್ರೆ ಮಾಡಲು ಪ್ರಯತ್ನಿಸಿ. ನಿದ್ರೆ ಬರಲಿಲ್ಲವೆಂದು ಲಸಿಕೆ ತಪ್ಪಿಸಬೇಡಿ.

5. ಲಸಿಕೆಯ ನಂತರ ಒಂದೆರಡು ದಿನ ಸಣ್ಣ ಜ್ವರ, ಮೈಕೈ ನೋವು ಬರಬಹುದು. ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರು ಚೆನ್ನಾಗಿ ನೀರು ಕುಡಿಯಬೇಕು. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಮುಂತಾದ ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬಾರದು. ಅವು ರಕ್ತದಲ್ಲಿ ಲಿಥಿಯಂ ಪ್ರಮಾಣವನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು.

6. ಎರಡು ವಾರಕ್ಕೂ ಮೀರಿ ಬೇಸರ, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಂಡರೆ ವೈದ್ಯರಿಗೆ ತಿಳಿಸಿ. ಸಾಯಬೇಕೆಂಬ ಯೋಚನೆ ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆರೈಕೆ ಮಾಡುವವರಿಗೆ ಒಂದು ಮಾತು

ಹಾಸಿಗೆ ಹಿಡಿದವರ ಸೇವೆಯೂ ದಾಸೋಹವೇ. ಆದರೆ ಸೇವೆ ಮಾಡುವ ದೇಹ ಉಳಿದರೆ ತಾನೆ ಸೇವೆ ನಡೆಯುವುದು? ಹೊತ್ತಿಗೆ ಸರಿಯಾಗಿ ಪ್ರಸಾದ ಸ್ವೀಕರಿಸಿ. ರಾತ್ರಿಯ ಕಾವಲನ್ನು ಒಬ್ಬರೇ ಹೊರದೆ ಅಣ್ಣ-ತಮ್ಮ, ಅಕ್ಕ-ತಂಗಿಯರು ಸರದಿಯಂತೆ ಹಂಚಿಕೊಳ್ಳಿ. ನಿಮ್ಮ ದುಃಖವನ್ನು ನಂಬಿಕೆಯವರ ಮುಂದೆ ಹೇಳಿಕೊಳ್ಳಿ. ರೋಗಿಗೆ ಲಸಿಕೆ ಹಾಕಿಸಲು ಬಂದ ದಿನ, ನಿಮಗೂ ಯಾವುದಾದರೂ ಲಸಿಕೆ ಬಾಕಿ ಇದೆಯೇ ಎಂದು ನಮ್ಮನ್ನು ಕೇಳಿ. ಸಂಕೋಚ ಬೇಡ.