ನಕ್ಷತ್ರನೌಕೆಯಲ್ಲಿ ವಿಮಾನಚಾಲಕನ ಗಣಕ

1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥಾಮಾಲೆ ಪ್ರಾರಂಭವಾಯಿತು. ಕಥೆ ನಡೆಯುವುದು ಶತಮಾನಗಳಾಚೆಯ ಕಾಲದಲ್ಲಿ. ಬೆಳಕನ್ನೂ ಹಿಂದಿಕ್ಕುವ ನೌಕೆ, ಮಾತಿನಲ್ಲಿ ಕೇಳಿದರೆ ಮಾತಿನಲ್ಲೇ ಉತ್ತರಿಸುವ ಯಂತ್ರ—ಇವೆಲ್ಲ ಅದರಲ್ಲುಂಟು. ಆ ತಿಂಗಳು ಪ್ರಸಾರವಾದ ‘ದಿ ನೇಕೆಡ್ ಟೈಮ್’ ಎಂಬ ಕಂತಿನಲ್ಲಿ ನೌಕೆಯು ಕಕ್ಷೆ ತಪ್ಪಿ ಒಂದು ಗ್ರಹದ ಕಡೆಗೆ ಬೀಳತೊಡಗುತ್ತದೆ. ಅದೇ ಕಂತಿನಲ್ಲಿ ಸ್ಪಾಕ್ ಎಂಬ ವಿಜ್ಞಾನಾಧಿಕಾರಿಯ ಕೈಯಲ್ಲಿ ಅಂಕಿಗಳನ್ನು ಮುದ್ರಿಸಿದ ಒಂದು ದುಂಡು ಬಿಲ್ಲೆ ಕಾಣಿಸುತ್ತದೆ. ಅದು ಭವಿಷ್ಯದ ಯಂತ್ರವಲ್ಲ. ವಿಮಾನಚಾಲಕರಿಗೆ ಆಗಲೇ ಚಿರಪರಿಚಿತವಾಗಿದ್ದ ‘ಇ-6ಬಿ’ ಎಂಬ ಗಣನಸಾಧನ. ವಿಮಾನಕ್ಕಾಗಿ ಮಾಡಿದ ಈ ಬಿಲ್ಲೆ ವ್ಯೋಮದಲ್ಲಿ ಉಪಯೋಗಕ್ಕೆ ಬಂದೀತೆ? ಉತ್ತರ ಹೇಳುವ ಮೊದಲು ಅದು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು.

ಇದನ್ನು ರೂಪಿಸಿದವನು ಅಮೆರಿಕದ ನೌಕಾಪಡೆಯ ಮೀಸಲು ದಳದ ವಿಮಾನಚಾಲಕ ಫಿಲಿಪ್ ಡಾಲ್ಟನ್. 1930ರ ದಶಕದಲ್ಲಿ ಅವನು ಇಂತಹ ಹಲವು ಸಾಧನಗಳನ್ನು ರಚಿಸಿದನು. 1941ರಲ್ಲಿ ವಿಮಾನಾಪಘಾತದಲ್ಲಿ ಮಡಿದನು. ಎರಡನೆಯ ಮಹಾಯುದ್ಧದಲ್ಲಿ ಅವನ ಸಾಧನವು ಸಹಸ್ರಾರು ಚಾಲಕರ ಕೈಸೇರಿತು. ವಿದ್ಯುತ್ತು ಬೇಡದ ಈ ಬಿಲ್ಲೆಯಿಂದ, ಇನ್ನೆಷ್ಟು ದೂರಕ್ಕೆ ಇಂಧನ ಸಾಕಾದೀತು ಎಂಬುದನ್ನು ಅವರು ಕ್ಷಣದಲ್ಲಿ ತಿಳಿಯುತ್ತಿದ್ದರು. ಸಮುದ್ರದ ಮೇಲೆ ಹಾರುವವನಿಗೆ ಇದು ಪ್ರಾಣದ ಪ್ರಶ್ನೆ.

ಬಿಲ್ಲೆಯ ಮುಂಬದಿಯು ಒಂದು ವೃತ್ತಾಕಾರದ ಸ್ಲೈಡ್ ರೂಲ್. ಒಂದರೊಳಗೊಂದು ತಿರುಗುವ ಎರಡು ಅಳತೆಗಳು ಅದರಲ್ಲಿವೆ. ಅಂಕಿಗಳನ್ನು ಸಮಾಂತರದಲ್ಲಿ ಗುರುತಿಸಿಲ್ಲ. ಅವುಗಳ ಲಾಗರಿದಮ್ ಬೆಲೆಗೆ ಅನುಸಾರವಾಗಿ ಗುರುತಿಸಿದೆ. 10ರಿಂದ 20ಕ್ಕೆ, 20ರಿಂದ 40ಕ್ಕೆ, 40ರಿಂದ 80ಕ್ಕೆ ಒಂದೇ ಅಂತರ, ಸುಮಾರು 108 ಡಿಗ್ರಿ. ಅಂದರೆ ಸಮಾನವಾದ ತಿರುವು ಎಂದರೆ ಸಮಾನವಾದ ಅನುಪಾತ. ವಿಮಾನದ ವೇಗ ಗಂಟೆಗೆ 120 ಮೈಲಿ ಎನ್ನೋಣ. ಒಳ ಅಳತೆಯ 60 ನಿಮಿಷದ ಗುರುತನ್ನು ಹೊರ ಅಳತೆಯ 120ಕ್ಕೆ ಹೊಂದಿಸಿದರೆ, 90 ಮೈಲಿಯ ಕೆಳಗೆ 45 ನಿಮಿಷ ನಿಂತಿರುತ್ತದೆ. ಬಿಲ್ಲೆಯಲ್ಲಿ 120ಕ್ಕೂ 12ಕ್ಕೂ ಗುರುತು ಒಂದೇ; ದಶಾಂಶಸ್ಥಾನವನ್ನು ಅರಿತು ಓದುವ ಹೊಣೆ ಚಾಲಕನದು.

ಹಿಂಬದಿಯ ಕೆಲಸ ಗಾಳಿಯ ಲೆಕ್ಕ. ಗಂಟೆಗೆ 100 ಮೈಲಿ ವೇಗದ ವಿಮಾನ ನೇರ ಉತ್ತರಕ್ಕೆ ಹೋಗಬೇಕಾಗಿದೆ. ಪಶ್ಚಿಮದಿಂದ 20 ಮೈಲಿ ವೇಗದ ಗಾಳಿ ಬೀಸುತ್ತಿದೆ. ಮೂತಿಯನ್ನು ಉತ್ತರಕ್ಕೇ ಇಟ್ಟರೆ ಒಂದು ಗಂಟೆಯ ತರುವಾಯ ವಿಮಾನ 20 ಮೈಲಿ ಪೂರ್ವಕ್ಕೆ ಸರಿದಿರುತ್ತದೆ. ದಾರಿ ತಪ್ಪದಿರಲು ಮೂತಿಯನ್ನು ಸುಮಾರು 11½ ಡಿಗ್ರಿ ಪಶ್ಚಿಮಕ್ಕೆ ತಿರುಗಿಸಬೇಕು. ಆಗ ನೆಲಕ್ಕೆ ಸಂಬಂಧಿಸಿದ ವೇಗ ಸುಮಾರು 98 ಮೈಲಿ. ಜಾರುವ ಹಲಗೆಯ ಮೇಲಿನ ಪಾರದರ್ಶಕ ಬಿಲ್ಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆಯಿಟ್ಟು ಈ ತ್ರಿಕೋನವನ್ನು ಬಿಡಿಸಬಹುದು.

ಈಗ ಸ್ಪಾಕನ ನೌಕೆಗೆ ಬರೋಣ. ವ್ಯೋಮದಲ್ಲಿ ಗಾಳಿಯಿಲ್ಲ, ಆದಕಾರಣ ಹಿಂಬದಿ ಅಲ್ಲಿ ನಿರರ್ಥಕ. ಮುಂಬದಿಯ ಅನುಪಾತವಾದರೋ ಎಲ್ಲೆಡೆಯೂ ಸಲ್ಲುತ್ತದೆ. ಆದರೆ ಅಲ್ಲಿಯೂ ಒಂದು ನಿಬಂಧನೆಯುಂಟು: ದೂರವು ಕಾಲದ ಅನುಪಾತದಲ್ಲಿ ಬೆಳೆಯಬೇಕಾದರೆ ವೇಗ ಬದಲಾಗಬಾರದು. ಬೀಳುವ ವಸ್ತುವಿನ ವೇಗ ಕ್ಷಣಕ್ಷಣಕ್ಕೂ ಏರುತ್ತದೆ.

ನಮ್ಮ ಭೂಮಿಯನ್ನೇ ನೋಡಿ. ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ, ಕೈಬಿಟ್ಟ ಕಲ್ಲು ಮೊದಲನೆಯ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. ನೆಲ 45 ಮೀಟರ್ ಕೆಳಗಿದ್ದರೆ ಎಷ್ಟು ಕಾಲ ಬೇಕು? ಬರಿಯ ಅನುಪಾತವನ್ನು ನಂಬಿದವನು 9 ಸೆಕೆಂಡು ಎನ್ನುತ್ತಾನೆ. ವಾಸ್ತವವಾಗಿ ಬೀಳುವ ದೂರ ಕಾಲದ ವರ್ಗಕ್ಕೆ ಅನುಗುಣವಾದುದು. 3 ಸೆಕೆಂಡಿನಲ್ಲೇ ಕಲ್ಲು ನೆಲವನ್ನು ಮುಟ್ಟುತ್ತದೆ. ಬೀಳುವ ನೌಕೆಯಲ್ಲಿ ಇಂತಹ ತಪ್ಪು ಮಾಡಿದವನು, ಉಳಿದಿದೆ ಎಂದು ನೆಚ್ಚಿದ ಕಾಲದಲ್ಲಿ ಮೂರನೆಯ ಒಂದು ಪಾಲು ಮಾತ್ರ ಉಳಿದಿರುತ್ತದೆ!

ಬೀಳುವಿಕೆಯ ಸೂತ್ರವನ್ನು ಬಲ್ಲವನಿಗಾದರೆ ಅದೇ ಬಿಲ್ಲೆ ನೆರವಾಗುತ್ತದೆ; ಸೂತ್ರ ಬೇಡುವ ಗುಣಾಕಾರ ಭಾಗಾಕಾರಗಳನ್ನು ಅದು ಮಾಡಿಕೊಡುತ್ತದೆ. ಯಾವ ಸೂತ್ರವನ್ನು ಹಿಡಿಯಬೇಕೆಂಬುದನ್ನು ಮಾತ್ರ ಅದು ಹೇಳಲಾರದು. ಇಂದು ವಿಮಾನಗಳಲ್ಲಿ ಎಲೆಕ್ಟ್ರಾನಿಕ್ ಗಣಕಗಳಿದ್ದರೂ ಹಾರಾಟ ಕಲಿಯುವ ಎಷ್ಟೋ ಮಂದಿ ಈ ಬಿಲ್ಲೆಯನ್ನು ಅಭ್ಯಾಸ ಮಾಡುತ್ತಾರೆ.

ವಿದ್ಯಾರ್ಥಿಗಳು ರಟ್ಟಿನಿಂದ ಎರಡು ಬಿಲ್ಲೆಗಳನ್ನು ಕತ್ತರಿಸಿ, 1ನ್ನು ಸೊನ್ನೆ ಡಿಗ್ರಿಯಲ್ಲಿಯೂ, 2ರಿಂದ 9ರವರೆಗಿನ ಅಂಕಿಗಳನ್ನು ಕ್ರಮವಾಗಿ 108, 172, 217, 252, 280, 304, 325, 344 ಡಿಗ್ರಿಗಳಲ್ಲಿಯೂ ಗುರುತಿಸಿ, ನಡುವೆ ಒಂದು ಗುಂಡುಸೂಜಿ ಚುಚ್ಚಿ ತಿರುಗಿಸಿ ನೋಡಲಿ. ನಕ್ಷತ್ರನೌಕೆಯ ಗಣಕದ ಮರ್ಮ ಅವರ ಮೇಜಿನ ಮೇಲೆಯೇ ತೆರೆದುಕೊಳ್ಳುವುದು.