ಫಾರ್ಮ್ಯಾಟ್ ಹೊಡೆಯುವ ಮುನ್ನ ಪೆನ್ ಡ್ರೈವ್ ಕೀಳಿ

ಬೇಸಿಗೆಯ ಲಗ್ನಸರಾಯಿ. ಬೆಳಿಗ್ಗೆ ಒಂಬತ್ತಕ್ಕೇ ಹರಿಹರದ ಡಿಟಿಪಿ ಅಂಗಡಿ ಗೆಳೆಯನ ಫೋನು. ‘ಮೇಷ್ಟ್ರೇ, ಸಿಸ್ಟಮ್ ಏಳವಲ್ದು. ಹಾರ್ಡ್ ಡಿಸ್ಕ್ ಹೋಗೈತಂತ. ನಾಲ್ಕು ಮದುವೆ ಕಾರ್ಡು ಒಳಗೇ ಸಿಕ್ಕೊಂಡಾವು.’ ಹಿಂದಿನ ಸಂಜೆ ಗುಡುಗು ಮಳೆಗೆ ಕರೆಂಟ್ ಹೋಗಿ ಕಂಪ್ಯೂಟರ್ ತಟ್ಟನೆ ಆರಿಹೋಗಿತ್ತು. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು: ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’. ಫೋನಿನಲ್ಲೇ ರೋಗ ಕೇಳಿದ ಯಾರೋ ‘ಡಿಸ್ಕ್ ಬದಲಿಸಿ ಫಾರ್ಮ್ಯಾಟ್ ಹೊಡೀಬೇಕು’ ಎಂದು ಹೇಳಿಯೂ ಬಿಟ್ಟಿದ್ದರು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಹೋಗಿ ನೋಡಿದರೆ ಡಬ್ಬದ ಹಿಂಬದಿಯಲ್ಲಿ ಒಂದು ಪೆನ್ ಡ್ರೈವ್ ಚುಚ್ಚಿಕೊಂಡಿತ್ತು. ಫೋಟೊ ಸ್ಟುಡಿಯೊದ ಹುಡುಗ ಫ್ಲೆಕ್ಸ್‌ಗೆಂದು ಮದುಮಕ್ಕಳ ಫೋಟೊ ಹಾಕಿ ಕೊಟ್ಟಿದ್ದ. ಅದನ್ನು ಕಿತ್ತು ಮತ್ತೆ ಆನ್ ಮಾಡಿದೆ. ವಿಂಡೋಸ್ ಬಂತು. ಹೇಳಿಕಳಿಸಿದ್ದ ಚಹಾ ಇನ್ನೂ ಬಂದಿರಲಿಲ್ಲ.

ಆದದ್ದಿಷ್ಟು. ಆ ಹಳೆಯ ಕಂಪ್ಯೂಟರಿನ ಬಯೋಸ್‌ನಲ್ಲಿ, ಅಂದರೆ ಆನ್ ಆದ ಕೂಡಲೇ ಮೊದಲು ಓಡುವ ತಂತ್ರಾಂಶದಲ್ಲಿ, ಬೂಟ್ ಆರ್ಡರಿನ (ಯಾವುದರಿಂದ ಏಳಬೇಕೆಂಬ ಸರದಿಯ) ಮೊದಲ ಸ್ಥಾನ ಯುಎಸ್‌ಬಿಗೆ ಇತ್ತು. ಹಿಂದೆ ಯಾರೋ ಪೆನ್ ಡ್ರೈವ್‌ನಿಂದ ವಿಂಡೋಸ್ ಹಾಕಿದವರು ಹಾಗೇ ಬಿಟ್ಟು ಹೋಗಿದ್ದರು. ನಾಲ್ಕು ಜಿಬಿಗಿಂತ ದೊಡ್ಡ ವಿಡಿಯೊ ಫೈಲು ಫ್ಯಾಟ್32ರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಸ್ಟುಡಿಯೊದವರು ಪೆನ್ ಡ್ರೈವನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದ್ದರು. ವಿಂಡೋಸ್ ಹೀಗೆ ಫಾರ್ಮ್ಯಾಟ್ ಮಾಡುವಾಗ ಡ್ರೈವಿನ ಮೊದಲ ಸೆಕ್ಟರಿನಲ್ಲಿ ಒಂದು ಚಿಕ್ಕ ಬೂಟ್ ಪ್ರೋಗ್ರಾಂ ಬರೆದಿಡುತ್ತದೆ. ಬಯೋಸ್ ಅದನ್ನು ಓಡಿಸಿತು, ಅದು ತನ್ನೊಳಗೆ ಬೂಟ್‌ಎಂಜಿಆರ್ ಫೈಲು ಹುಡುಕಿ, ಸಿಗದೆ, ‘ಮಿಸ್ಸಿಂಗ್’ ಎಂದು ಕೈಚೆಲ್ಲಿತು. ದೂರು ಕೊಟ್ಟದ್ದು ಪೆನ್ ಡ್ರೈವ್, ಅಪವಾದ ಬಂದದ್ದು ಹಾರ್ಡ್ ಡಿಸ್ಕ್ ಮೇಲೆ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಇದು ಹೊಸದಲ್ಲ. ಫ್ಲಾಪಿ ಒಳಗೇ ಮರೆತು ಆನ್ ಮಾಡಿ ‘ನಾನ್ ಸಿಸ್ಟಮ್ ಡಿಸ್ಕ್’ ಎಂದು ಬೈಸಿಕೊಂಡವರೇ ನಾವೆಲ್ಲ.

ಆದ್ದರಿಂದ ಮೊದಲ ಕೆಲಸ: ಎಲ್ಲವನ್ನೂ ಕೀಳಿ. ಪೆನ್ ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್, ಕಾರ್ಡ್ ರೀಡರ್, ಚಾರ್ಜಿಗೆ ಹಾಕಿದ ಮೊಬೈಲು, ಪ್ರಿಂಟರ್ ಕೇಬಲ್ಲು. ಕೀಬೋರ್ಡ್, ಮೌಸ್ ಸಾಕು. ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಒಂದು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ.

ಎಲ್ಲಿ ನಿಂತಿತು ನೋಡಿ

ಅದಕ್ಕೂ ಏಳದಿದ್ದರೆ ಎಲ್ಲಿಯವರೆಗೆ ಬಂದು ನಿಂತಿತು ಎಂಬುದನ್ನು ಗಮನಿಸಿ, ಪರದೆಯ ಫೋಟೊ ತೆಗೆದುಕೊಳ್ಳಿ. ಕಂಪನಿಯ ಲೋಗೊ ಕೂಡ ಬರದೆ ಬರೀ ಬೀಪ್ ಸದ್ದು ಬಂದರೆ ಡಿಸ್ಕ್‌ಗೂ ಅದಕ್ಕೂ ಸಂಬಂಧ ಕಡಿಮೆ, ಹೆಚ್ಚಾಗಿ ರ‍್ಯಾಮ್ ತಗಾದೆ. ಅದನ್ನು ಬಿಚ್ಚಿ ಅದರ ಹಳದಿ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಲೋಗೊ ಬಂದು ‘ನೋ ಬೂಟಬಲ್ ಡಿವೈಸ್’, ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದರೆ ಡಿಸ್ಕ್ ಕಾಣುತ್ತಿಲ್ಲ ಅಥವಾ ಕಂಡರೂ ಅದರಿಂದ ಏಳಲು ಬರುತ್ತಿಲ್ಲ. ವಿಂಡೋಸಿನ ಚುಕ್ಕೆಗಳು ಸುತ್ತಿ ಸುತ್ತಿ ‘ಆಟೋಮ್ಯಾಟಿಕ್ ರಿಪೇರ್’ನಲ್ಲೇ ತಿರುಗುತ್ತಿದ್ದರೆ ಸಾಮಾನ್ಯವಾಗಿ ಡಿಸ್ಕ್ ಕಾಣುತ್ತಿದೆ, ಒಳಗಿನ ಫೈಲು ಕೆಟ್ಟಿದೆ.

ಮುಂದಿನದು ಬಯೋಸ್. ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಆನ್ ಆದ ಕೂಡಲೇ ಡಿಲೀಟ್ ಕೀ ಒತ್ತುತ್ತಿರಬೇಕು. ಡೆಲ್, ಲೆನೊವೊ, ಏಸರ್ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ಎಫ್2, ಎಚ್‌ಪಿಗೆ ಎಫ್10. ಒಳಗೆ ಹೋದವರು ಎರಡೇ ಸಂಗತಿ ನೋಡಿ: ಡಿಸ್ಕಿನ ಹೆಸರು ಕಾಣುತ್ತದೆಯೇ? ತಾರೀಖು ಸರಿ ಇದೆಯೇ? ಏನನ್ನೂ ಮುಟ್ಟುವ ಮೊದಲು ಒಂದೊಂದು ಪುಟದ ಫೋಟೊ ಮೊಬೈಲಿನಲ್ಲಿ ಇರಲಿ.

ತಾರೀಖಿನ ಮಾತು ಸಣ್ಣದಲ್ಲ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಇರುತ್ತದೆ, ಸಿಆರ್2032. ಅದು ಸತ್ತರೆ ಗಡಿಯಾರ ಹಿಂದಕ್ಕೆ ಹೋಗುವುದಷ್ಟೇ ಅಲ್ಲ, ಹಳೆಯ ಬೋರ್ಡುಗಳಲ್ಲಿ ಬಯೋಸಿನ ಸೆಟ್ಟಿಂಗ್‌ಗಳೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತವೆ. ಡಿಸ್ಕ್ ಓದುವ ಬಗೆ ಎಎಚ್‌ಸಿಐ ಇದ್ದದ್ದು ಐಡಿಇ ಆಗಬಹುದು, ಬೂಟ್ ಆಗುವ ಬಗೆ ಲೆಗಸಿ ಇದ್ದದ್ದು ಯುಇಎಫ್‌ಐ ಆಗಬಹುದು. ಆಗ ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ವಿಂಡೋಸ್ ಏಳುವುದಿಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಗುವ ಆ ಬ್ಯಾಟರಿಯ ದೆಸೆಯಿಂದ ಹೊಸ ಎಸ್‌ಎಸ್‌ಡಿ ಕೊಂಡವರನ್ನು ನಾನು ಕಂಡಿದ್ದೇನೆ.

ಈಗಂತೂ ಇನ್ನೊಂದು ಬಗೆಯ ಪೇಚು ಹೆಚ್ಚಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು. 11 ಹಾಕಿಕೊಳ್ಳಲು ಹೊರಟವರು ವಿಡಿಯೊ ನೋಡಿ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ಲೆಗಸಿ ಬಗೆಯಲ್ಲಿ ಏಳಿಸುವ ವ್ಯವಸ್ಥೆ) ಆಫ್ ಮಾಡಿ, ಸೆಕ್ಯೂರ್ ಬೂಟ್ ಆನ್ ಮಾಡುತ್ತಾರೆ. ಡಿಸ್ಕ್ ಹಳೆಯ ಎಂಬಿಆರ್ ಪದ್ಧತಿಯದಾದರೆ ಮರುಕ್ಷಣವೇ ‘ನೋ ಬೂಟಬಲ್ ಡಿವೈಸ್’. ಹೆದರಬೇಡಿ, ಏನೂ ಅಳಿಸಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿ ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಮೊದಲಿನಂತೆ ಏಳುತ್ತದೆ. ಆಮೇಲೆ ಡೇಟಾ ಬೇರೆಡೆ ಇಟ್ಟುಕೊಂಡು, ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಡಿಸ್ಕನ್ನು ಹೊಸ ಜಿಪಿಟಿ ಪದ್ಧತಿಗೆ ಬದಲಿಸಿಕೊಂಡು, ಸಿಎಸ್‌ಎಂ ಆಫ್ ಮಾಡಿದರಾಯಿತು.

ಡಿಸ್ಕ್ ಕಾಣದಿದ್ದರೆ

ಬಯೋಸ್‌ನಲ್ಲಿ ಹೆಸರೇ ಇಲ್ಲದಿದ್ದರೆ ಕರೆಂಟ್ ತೆಗೆದು ಡಬ್ಬ ಬಿಚ್ಚಿ. ನಮ್ಮ ಊರಿನ ಧೂಳು ಸಾಮಾನ್ಯದ್ದಲ್ಲ. ಅಕ್ಕಿ ಗಿರಣಿಯ ತೌಡು, ಮಂಡಕ್ಕಿ ಭಟ್ಟಿಗಳ ಕಡೆಯ ಮಸಿ ಎಲ್ಲವೂ ಒಳಗೆ ಕೂತಿರುತ್ತವೆ. ಸಾಟಾ ಕೇಬಲ್ಲಿನ ಎರಡೂ ತುದಿ ಕಿತ್ತು, ಬ್ರಷ್‌ನಿಂದ ಝಾಡಿಸಿ, ಒತ್ತಿ ಕೂರಿಸಿ. ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ ನೋಡಿ. ಬೇರೆ ಕೇಬಲ್ ಇದ್ದರೆ ಅದನ್ನೂ ಹಾಕಿ ನೋಡಿ.

ಕಿವಿಯನ್ನೂ ಕೊಡಿ. ಹಾರ್ಡ್ ಡಿಸ್ಕಿನಿಂದ ಟಕ್, ಟಕ್ ಎಂದು ಲಯವಾಗಿ ಸದ್ದು ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಯಾಂತ್ರಿಕ ದೋಷ, ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆ ಗೀರಿಹೋಗುವ ಅಪಾಯವಿದೆ. ಫ್ರಿಜ್ಜಿನಲ್ಲಿಡುವುದು, ಮೇಜಿಗೆ ಕುಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು ಇವೆಲ್ಲ ಇದ್ದುದನ್ನೂ ಕಳೆಯುವ ವಿದ್ಯೆ. ಒಳಗಿನದು ನಿಜಕ್ಕೂ ಬೇಕಾದರೆ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಡೇಟಾ ರಿಕವರಿಯವರಿಗೇ ಕೊಡಬೇಕು, ಖರ್ಚೂ ಜೋರು.

ಮೊದಲು ಡೇಟಾ, ಆಮೇಲೆ ವಿಂಡೋಸ್

ಡಿಸ್ಕ್ ಕಾಣುತ್ತದೆ, ವಿಂಡೋಸ್ ಮಾತ್ರ ಏಳುತ್ತಿಲ್ಲ ಎಂದಾದರೆ ರಿಪೇರಿಗೂ ಮೊದಲು ಫೈಲುಗಳನ್ನು ಈಚೆ ತೆಗೆಯಬೇಕು. ಈ ಕ್ರಮದಲ್ಲಿ ನನಗೆ ರಾಜಿಯಿಲ್ಲ.

ಇದಕ್ಕೆ ಲಿನಕ್ಸಿನ ಲೈವ್ ಪೆನ್ ಡ್ರೈವ್‌ನಷ್ಟು ಒದಗುವ ಸಾಧನ ಬೇರಿಲ್ಲ. ಸರಿ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ಐಎಸ್‌ಒ ಫೈಲು ಇಳಿಸಿಕೊಳ್ಳಿ, ಪುಕ್ಕಟೆ. ರೂಫಸ್ ಎಂಬ ಚಿಕ್ಕ ತಂತ್ರಾಂಶದಿಂದ ಅದನ್ನು ಪೆನ್ ಡ್ರೈವ್‌ಗೆ ಬರೆಯಿರಿ. ಅದರಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕೆಟ್ಟ ಕಂಪ್ಯೂಟರಿಗೆ ಹಾಕಿ, ಬೂಟ್ ಮೆನುವಿನಲ್ಲಿ ಪೆನ್ ಡ್ರೈವ್ ಆರಿಸಿ. ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ‘ಟ್ರೈ’ ಎಂದು ಕೇಳಿದರೆ ಅದನ್ನೇ ಒತ್ತಿ, ‘ಇನ್‌ಸ್ಟಾಲ್’ ತಂಟೆಗೆ ಹೋಗಬೇಡಿ. ಪರದೆ ಬಂದ ಮೇಲೆ ಹಳೆಯ ಡಿಸ್ಕ್ ತೆರೆದು ಬೇಕಾದ್ದನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಎಳೆದು ಹಾಕಿ.

ಏನೇನು ತೆಗೆಯಬೇಕು? ಜನ ಮರೆಯುವುದು ಇಲ್ಲೇ. ‘ಎಲ್ಲಾ ಡಿ ಡ್ರೈವ್‌ನಾಗೈತಿ, ಚಿಂತಿಲ್ಲ’ ಎನ್ನುವವರ ಅರ್ಧ ಬದುಕು ಡೆಸ್ಕ್‌ಟಾಪ್ ಮೇಲಿರುತ್ತದೆ, ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಕೂಡ ಅಲ್ಲೇ. ಅಂಗಡಿ, ಮಂಡಿಯವರು ಟ್ಯಾಲಿಯ ಡೇಟಾ ಫೋಲ್ಡರ್ ಹುಡುಕಿ ತೆಗೆಯಬೇಕು. ಡಿಟಿಪಿಯವರು ಪೇಜ್‌ಮೇಕರ್ ಫೈಲು ತೆಗೆದು ಫಾಂಟ್ ಬಿಟ್ಟು ಬರುತ್ತಾರೆ. ಹಳೆಯ ನುಡಿ ಫಾಂಟುಗಳಲ್ಲಿ ಮಾಡಿದ ಮದುವೆ ಕಾರ್ಡು ಆ ಫಾಂಟ್ ಇಲ್ಲದೆ ತೆರೆದರೆ ‘ಚಿ|| ಸೌ||’ ಇರಬೇಕಾದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ತೆಗೆದಿಟ್ಟುಕೊಳ್ಳಿ.

ಡಿಸ್ಕ್ ತೆರೆಯಲು ಹೋದಾಗ 48 ಅಂಕಿಯ ಕೀ ಕೇಳಿದರೆ ಅದು ಬಿಟ್‌ಲಾಕರ್, ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಲೀಕರಿಗೆ ತಿಳಿಯದೆಯೇ ಆನ್ ಆಗಿರುವುದುಂಟು. ಮೊಬೈಲಿನಿಂದ ಅದೇ ಖಾತೆಗೆ ಲಾಗಿನ್ ಆದರೆ ಕೀ ಸಾಮಾನ್ಯವಾಗಿ ಸಿಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಮಲಗಿದಾಗ ಮೈಕ್ರೋಸಾಫ್ಟ್ ಕೊಟ್ಟ ಮದ್ದುಗಳಲ್ಲಿ ಒಂದು ಯುಎಸ್‌ಬಿ ಪೆನ್ ಡ್ರೈವೇ ಆಗಿತ್ತು. ಬಿಟ್‌ಲಾಕರ್ ಇದ್ದು ಕೀ ಕೈಯಲ್ಲಿಲ್ಲದವರು ಅಲ್ಲೂ ಪರದಾಡಿದರು. ಕೀಯನ್ನು ಇಂದೇ ಕಾಗದದ ಮೇಲೆ ಬರೆದು ಪಾಸ್‌ಬುಕ್ ಜೊತೆಗಿಡಿ.

ರಿಪೇರಿ

ಡೇಟಾ ಈಚೆ ಬಂದ ಮೇಲೆ ಧೈರ್ಯವಾಗಿ ಕೈಹಾಕಬಹುದು. ಮೈಕ್ರೋಸಾಫ್ಟ್ ತಾಣದ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಅಥವಾ ಅದಕ್ಕೂ ದೊಡ್ಡ ಪೆನ್ ಡ್ರೈವ್‌ನಲ್ಲಿ ವಿಂಡೋಸ್ ಹಾಕಿಕೊಳ್ಳಿ. ಅದರಿಂದ ಬೂಟ್ ಮಾಡಿ, ‘ಇನ್‌ಸ್ಟಾಲ್’ ಬಿಟ್ಟು ‘ರಿಪೇರ್ ಯುವರ್ ಕಂಪ್ಯೂಟರ್’ ಆರಿಸಿ, ಅಲ್ಲಿಂದ ಸ್ಟಾರ್ಟಪ್ ರಿಪೇರ್. ಒಂದು ಸಲಕ್ಕೆ ಆಗದಿದ್ದರೆ ಎರಡು ಮೂರು ಸಲ ಮಾಡಿ. ಅಪ್‌ಡೇಟ್ ಆದ ಮರುದಿನವೇ ಕೈಕೊಟ್ಟಿದ್ದರೆ ಅಲ್ಲೇ ಇರುವ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಒತ್ತಿ. ಅದಕ್ಕೂ ಬಗ್ಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಬೂಟ್ ಕಮಾಂಡಿನಿಂದ ಬೂಟ್ ಫೈಲುಗಳನ್ನು ಹೊಸದಾಗಿ ಬರೆಸಬಹುದು. ಒಂದೇ ಎಚ್ಚರ: ಈ ರಿಪೇರಿ ಪರದೆಯಲ್ಲಿ ಡ್ರೈವಿನ ಅಕ್ಷರಗಳು ಅದಲುಬದಲಾಗಿರಬಹುದು, ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ಎಂದು ನೋಡಿಯೇ ಕಮಾಂಡ್ ಕೊಡಿ.

ಪೆನ್ ಡ್ರೈವೇ ಏಳದಿದ್ದರೆ? ಹತ್ತರಲ್ಲಿ ಐದು ಸಲ ಕಾರಣ ಒಂದೇ. ಐಎಸ್‌ಒ ಫೈಲನ್ನು ಹಾಡು, ಸಿನಿಮಾ ಕಾಪಿ ಮಾಡಿದ ಹಾಗೆ ಪೆನ್ ಡ್ರೈವ್‌ಗೆ ಎಳೆದು ಹಾಕಿರುತ್ತಾರೆ. ಹಾಗೆ ಬೂಟ್ ಆಗುವುದಿಲ್ಲ, ರೂಫಸ್‌ನಂಥದ್ದರಿಂದಲೇ ಬರೆಯಬೇಕು. ರೂಫಸ್‌ನಲ್ಲಿ ಹೊಸ ಕಂಪ್ಯೂಟರಿಗೆ ಜಿಪಿಟಿ, ಹತ್ತು ಹನ್ನೆರಡು ವರ್ಷಕ್ಕಿಂತ ಹಳೆಯದಕ್ಕೆ ಎಂಬಿಆರ್ ಆರಿಸಿ ನೋಡಿ. ಡಬ್ಬದ ಮುಂದಿನ ಪೋರ್ಟ್ ಬಿಟ್ಟು ಹಿಂಬದಿಯದಕ್ಕೆ, ಬೋರ್ಡಿಗೇ ಅಂಟಿದ್ದಕ್ಕೆ ಚುಚ್ಚಿ. ಸಂತೆಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ‘2 ಟಿಬಿ’ ಪೆನ್ ಡ್ರೈವ್‌ನ ಮೇಲಂತೂ ಭಾರ ಹಾಕಬೇಡಿ. ಒಳಗೆ ಕೆಲವೇ ಜಿಬಿ ಇದ್ದು, ಉಳಿದದ್ದು ಬರೀ ಹೆಸರು.

ನಮ್ಮ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, ಯುಬಿಡಿಟಿ ಹಾಸ್ಟೆಲ್‌ಗಳ ಹುಡುಗರಿಗೆ ಒಂದು ಮಾತು. ಇಂಟೆಲ್‌ನ 11ನೇ ಪೀಳಿಗೆ ಮತ್ತು ಅದರ ಈಚಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕಲು ಹೋದರೆ ಡಿಸ್ಕಿನ ಪಟ್ಟಿಯೇ ಖಾಲಿ ಬರುತ್ತದೆ. ಎಸ್‌ಎಸ್‌ಡಿ ಸತ್ತಿಲ್ಲ. ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಳಿಸಿ, ಬಿಚ್ಚಿ, ಅದೇ ಪೆನ್ ಡ್ರೈವ್‌ನ ಒಂದು ಫೋಲ್ಡರಿನಲ್ಲಿಟ್ಟು ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ.

ಎದ್ದ ಕಂಪ್ಯೂಟರಿನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೊ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ‘ಕಾಷನ್’ ಎಂದು ಹಳದಿ ತೋರಿಸಿದರೆ ಆ ವಾರವೇ ಬದಲಿಸಿ. ಬಯೋಸ್‌ನಲ್ಲಿ ಬೂಟ್ ಆರ್ಡರಿನ ಮೊದಲ ಸ್ಥಾನ ವಿಂಡೋಸ್ ಇರುವ ಡಿಸ್ಕಿಗೆ ಕೊಡಿ. ಹರಿಹರದ ಗೆಳೆಯನ ಅಂಗಡಿಯಲ್ಲಿ ಅಂದೇ ಅದನ್ನು ಮಾಡಿ, ಒಂದು ಯುಪಿಎಸ್ ಕೂಡ ತರಿಸಿದೆವು.

ಇಷ್ಟೆಲ್ಲ ಮಾಡಿಯೂ ಅಂಗಡಿಗೆ ಒಯ್ಯುವ ಪ್ರಸಂಗ ಬಂದರೆ, ಬರೀ ಬಾಯಿಮಾತಿಗೆ ಬಿಟ್ಟು ಬರಬೇಡಿ. ರಸೀದಿಯ ಮೇಲೆ ‘ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ಬರೆಸಿ, ಸಹಿ ಹಾಕಿಸಿಕೊಳ್ಳಿ.