ಮೇಲ್ಪಂಕ್ತಿಯನ್ನು ಆರಿಸಿಕೊಳ್ಳುವ ಬಗೆ



ಕನ್ನಡದಲ್ಲಿ ‘ಮೇಲ್ಪಂಕ್ತಿ’ ಎಂಬ ಸೊಗಸಾದ ಮಾತೊಂದುಂಟು. ಮೇಲಿನ ಸಾಲು ಎಂಬುದು ಅದರ ನೇರವಾದ ಅರ್ಥ. ಅನುಸರಿಸಲು ಯೋಗ್ಯವಾದ ಮಾದರಿ ಎಂಬುದು ಬಳಕೆಯ ಅರ್ಥ. ಕಾಪಿ ಪುಸ್ತಕವನ್ನು ನೆನೆದರೆ ಇವೆರಡರ ನಂಟು ಹೊಳೆಯುವುದು. ಪುಟದ ನೆತ್ತಿಯಲ್ಲಿ ದುಂಡಾದ ಅಕ್ಷರಗಳ ಸಾಲೊಂದು ಅಚ್ಚಾಗಿರುತ್ತದೆ. ಅದನ್ನು ನೋಡಿ ಮಕ್ಕಳು ಕೆಳಗಿನ ಗೆರೆಗಳನ್ನು ತುಂಬಬೇಕು. ಮೊದಲನೆಯ ಸಾಲು ಚೆನ್ನಾಗಿಯೇ ಬರುವುದು. ಎರಡನೆಯದನ್ನು ಬರೆಯುವಾಗ ಕಣ್ಣು ಅಚ್ಚಿನ ಸಾಲನ್ನು ಬಿಟ್ಟು ತಾನು ಬರೆದ ಸಾಲಿನ ಮೇಲೆ ಬೀಳುವುದು. ಹೀಗೆ ಹತ್ತನೆಯ ಸಾಲಿಗೆ ಬರುವ ವೇಳೆಗೆ ತಲೆಕಟ್ಟು ಜಾರಿ, ಒತ್ತಕ್ಷರ ಓರೆಯಾಗಿ, ಮೇಲಿನದಕ್ಕೂ ಕೆಳಗಿನದಕ್ಕೂ ಸಂಬಂಧವೇ ಇಲ್ಲದಂತಾಗುವುದು. ಬರೆದವನು ಮೋಸ ಮಾಡಿಲ್ಲ. ನೋಡಬೇಕಾದುದನ್ನು ನೋಡಲಿಲ್ಲ, ಅಷ್ಟೆ.

ಕ್ರೈಸ್ತ ವಿದ್ಯಾರ್ಥಿಗೆ ಆ ಅಚ್ಚಿನ ಸಾಲು ಯೇಸುಕ್ರಿಸ್ತನೇ. ನಿಂದೆಗೆ ಪ್ರತಿನಿಂದೆ ಮಾಡದೆ ಕಷ್ಟವನ್ನು ಸಹಿಸಿದ ಕ್ರಿಸ್ತನನ್ನು ಪೇತ್ರನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯವು ನಮಗೆ ಮಾದರಿಯೆಂದು ತೋರಿಸುತ್ತದೆ. ಅಲ್ಲಿ ‘ಮಾದರಿ’ ಎಂಬುದಕ್ಕೆ ಮೂಲದಲ್ಲಿರುವ ಗ್ರೀಕ್ ಪದ ‘ಹುಪೊಗ್ರಮ್ಮೋಸ್’. ಮಕ್ಕಳು ನೋಡಿ ತಿದ್ದುವುದಕ್ಕಾಗಿ ಗುರುವು ಬರೆದುಕೊಡುವ ಅಕ್ಷರಗಳು ಎಂಬುದೇ ಆ ಪದದ ಅರ್ಥ. ನಮ್ಮ ‘ಮೇಲ್ಪಂಕ್ತಿ’ಗೆ ಅದು ಎಷ್ಟು ಹತ್ತಿರವಾಗಿದೆ ನೋಡಿರಿ!

ಹಾಗಾದರೆ ಮನುಷ್ಯರ ಮಾದರಿ ಏತಕ್ಕೆ ಎಂದು ನೀವು ಕೇಳಬಹುದು. ಕ್ರಿಸ್ತನ ನಡೆಯನ್ನು ನಮ್ಮ ನಾಡಿನಲ್ಲಿ, ನಮ್ಮ ನುಡಿಯಲ್ಲಿ, ನಮ್ಮಂತಹ ಬಡತನದಲ್ಲಿ ನಡೆದು ತೋರಿಸಿದವರನ್ನು ಕಂಡಾಗ ನಮಗೂ ಧೈರ್ಯ ಬರುವುದು. ಆದರೆ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ, ತಾನು ಕ್ರಿಸ್ತನನ್ನು ಅನುಸರಿಸುವ ಮಟ್ಟಿಗೇ ತನ್ನನ್ನು ಅನುಸರಿಸಬೇಕೆಂಬ ಮಿತಿಯನ್ನು ಇಟ್ಟಿದ್ದಾನೆ. ಈ ಮಿತಿಯನ್ನು ನಾವು ಎಂದಿಗೂ ಮರೆಯಲಾಗದು.

ಆಂಟಾಪ್ ಹಿಲ್‌ನಲ್ಲಿ ಬೆಳೆಯುವ ಮಕ್ಕಳಿಗೆ ಈ ಆಯ್ಕೆಯು ಬರಿಯ ಪುಸ್ತಕದ ಮಾತಲ್ಲ. ಗಲ್ಲಿಯ ಮೂಲೆಯಲ್ಲಿ ಮೋಟಾರ್ ಸೈಕಲಿಗೆ ಒರಗಿ ನಿಂತ ದಾದಾನಿಗೆ ಎಲ್ಲರೂ ದಾರಿ ಬಿಡುವುದನ್ನು ಬಾಲಕನು ದಿನವೂ ನೋಡುತ್ತಾನೆ. ಮೊದಲು ಒಂದು ವಡಾಪಾವ್ ಸಿಗುವುದು; ಆಮೇಲೆ ಒಂದು ಪೊಟ್ಟಣವನ್ನು ಯಾರಿಗೋ ಮುಟ್ಟಿಸುವ ಕೆಲಸ; ಕೊನೆಗೆ ಪೋಲೀಸ್ ಠಾಣೆ. ಮೊಬೈಲಿನ ತೆರೆಯ ಮೇಲೆ ಹೊಳೆಯುವವರಿಗಂತೂ ಲೆಕ್ಕವಿಲ್ಲ. ನಾವು ಆರಿಸದೆ ಸುಮ್ಮನಿದ್ದರೆ ಮೇಲ್ಪಂಕ್ತಿ ಇಲ್ಲದೆ ಉಳಿಯುವುದಿಲ್ಲ. ಬೇರೆ ಯಾರೋ ನಮ್ಮ ಪುಟದ ಮೇಲೆ ಅದನ್ನು ಬರೆದುಬಿಡುತ್ತಾರೆ.

ಆದುದರಿಂದ ಒಬ್ಬರನ್ನು ಆದರ್ಶವಾಗಿ ಸ್ವೀಕರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇವರು ಯಾರಿಗೆ ತಲೆಬಾಗುತ್ತಾರೆ, ದೇವರಿಗೋ ತಮ್ಮ ಹೆಸರಿಗೋ? ಇವರ ಬಲದಿಂದ ದುರ್ಬಲರಿಗೆ ಹಿತವಾಯಿತೋ ಕೇಡಾಯಿತೋ? ಇವರು ಹಿಡಿದ ದಾರಿಯು ಕೊನೆಗೆ ಎಲ್ಲಿಗೆ ಮುಟ್ಟಿಸಿತು?

ಈ ಪ್ರಶ್ನೆಗಳಿಗೆ ನಿಲ್ಲುವವರಲ್ಲಿ ಪಂಡಿತಾ ರಮಾಬಾಯಿಯವರು ಒಬ್ಬರು. ಅವರು 1858ರಲ್ಲಿ ಕನ್ನಡ ನಾಡಿನ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಸಲ್ಲದೆಂದು ಹೇಳುತ್ತಿದ್ದ ಕಾಲದಲ್ಲಿ ಅದನ್ನು ತಾಯಿಯಿಂದಲೇ ಕಲಿತರು. ಕ್ಷಾಮದಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ ಕಳೆದುಕೊಂಡರು. ಕಲಕತ್ತೆಯ ವಿದ್ವಾಂಸರು ಅವರಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಎಳೆಯ ವಯಸ್ಸಿನಲ್ಲೇ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ನಮ್ಮ ಈ ಮುಂಬಯಿಯಲ್ಲೇ ವಿಧವೆಯರಿಗಾಗಿ ‘ಶಾರದಾ ಸದನ’ವನ್ನು ತೆರೆದರು, ಮರುವರ್ಷ ಅದು ಪುಣೆಗೆ ಹೋಯಿತು. 1896–97ರ ಬರಗಾಲದಲ್ಲಿ ತಾವೇ ಮಧ್ಯಪ್ರಾಂತಕ್ಕೆ ತೆರಳಿ, ಹಸಿದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು. ಹಸಿವನ್ನು ಉಂಡು ಬೆಳೆದವರು ಹಸಿದವರನ್ನು ಮರೆಯಲಿಲ್ಲ. ಕೇಡಗಾಂವಿನಲ್ಲಿ ಅವರು ನೆಲೆಗೊಳಿಸಿದ ‘ಮುಕ್ತಿ’ ಸಂಸ್ಥೆ ಇಂದಿಗೂ ಇದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಗ್ಲೆಂಡಿನಲ್ಲಿ ತಮಗೆ ಆಶ್ರಯವಿತ್ತ ಕ್ರೈಸ್ತ ಹಿರಿಯರೊಡನೆ ರಮಾಬಾಯಿಯವರು ಧರ್ಮದ ವಿಷಯಗಳಲ್ಲಿ ಬಿಚ್ಚುಮನಸ್ಸಿನಿಂದ ವಾದಿಸಿದರು. ಸೀರೆಯನ್ನೂ ಸಸ್ಯಾಹಾರವನ್ನೂ ಬಿಡಲಿಲ್ಲ. ಉಪಕಾರ ಮಾಡಿದವರಲ್ಲಿ ಕೃತಜ್ಞತೆಯಿದ್ದರೂ ಅವರು ನಕಲು ಮಾಡಿದ್ದು ಕೆಳಗಿನ ಸಾಲುಗಳನ್ನಲ್ಲ.

ಇನ್ನೊಬ್ಬರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ಸೇವೆ ಸಲ್ಲಿಸಿದರು. ಬೋಧನೆಗೆಂದು ಹೋದ ಹಳ್ಳಿಗಳಲ್ಲಿ ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದಲೂ ಹಳೆಯ ಪ್ರತಿಗಳಿಂದಲೂ ಕೂಡಿಸಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂಬ ಗ್ರಂಥವನ್ನು ಹೊರತಂದರು. ಶಿವಶರಣರ ವಚನಗಳನ್ನೂ ಸಂಪಾದಿಸಿದರು. ‘ತಿರುಳ್ಗನ್ನಡದ ತಿರುಕ’ ಎಂದು ಹೆಸರಾದ ಅವರನ್ನು ನಾಡು 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. ಕ್ರಿಸ್ತನಲ್ಲಿ ಅಚಲವಾದ ಭಕ್ತಿ, ನೆರೆಯವನ ಧರ್ಮದಲ್ಲಿ ಆದರ, ತಾಯ್ನುಡಿಯಲ್ಲಿ ಪ್ರೀತಿ, ಈ ಮೂರೂ ಒಂದೇ ಎದೆಯಲ್ಲಿ ಇರಬಲ್ಲವೆಂದು ಅವರ ಬಾಳು ತೋರಿಸುತ್ತದೆ. ‘ನೀನು ಕ್ರೈಸ್ತನಲ್ಲವೇ, ನಿನಗೇಕೆ ಕನ್ನಡ?’ ಎಂಬ ಕೊಂಕು ಮಾತನ್ನು ಕೇಳಿದ ಮಕ್ಕಳು ನಮ್ಮ ನಡುವೆ ಇರಬಹುದು. ಅಂತಹವರು ಚನ್ನಪ್ಪನವರ ಹೆಸರನ್ನು ನೆನೆಯಲಿ.

ಆದರ್ಶವೆಂದು ನಂಬಿದ ಹಿರಿಯರು ಎಡವಿ ಬಿದ್ದರೆ ಏನು ಮಾಡಬೇಕು? ಇದು ಎಳೆಯ ಮನಸ್ಸನ್ನು ಬಹಳವಾಗಿ ನೋಯಿಸುವ ಪ್ರಸಂಗ. ಅವರೇ ಹಾಗಾದ ಮೇಲೆ ಒಳ್ಳೆಯತನವೆಂಬುದೇ ಸುಳ್ಳೆಂದು ಕೆಲವರು ದೇವರನ್ನೂ ಬಿಟ್ಟುಬಿಡುವುದುಂಟು. ಆದರೆ ಸತ್ಯವೇದವು ತನ್ನ ಭಕ್ತರ ತಪ್ಪುಗಳನ್ನು ಮುಚ್ಚಿಟ್ಟಿಲ್ಲ. ದಾವೀದ ಅರಸನ ಪಾಪವೂ, ಕೋಳಿ ಕೂಗುವ ಮೊದಲು ಪೇತ್ರನು ಮೂರು ಬಾರಿ ಗುರುವನ್ನು ಅರಿಯೆನೆಂದುದೂ ಅಲ್ಲಿ ಬರೆದಿವೆ. ಅವರ ಪಶ್ಚಾತ್ತಾಪವೂ ಬರೆದಿದೆ. ಬಿದ್ದವರ ತಪ್ಪನ್ನು ತಪ್ಪೆನ್ನೋಣ. ಅವರಿಂದ ಕಲಿತ ಒಳಿತನ್ನು ಬಿಡದಿರೋಣ. ಕಣ್ಣನ್ನು ಮತ್ತೆ ಪುಟದ ನೆತ್ತಿಗೆ ಎತ್ತೋಣ.

ಮಾದರಿಯನ್ನು ಬಹುದೂರ ಹುಡುಕಬೇಕಾಗಿಯೂ ಇಲ್ಲ. ನಸುಕಿನಲ್ಲಿ ನಲ್ಲಿಯ ಸಾಲಿನಲ್ಲಿ ನಿಂತು, ಕಾಯಿಲೆಯ ನೆರೆಯವಳಿಗೂ ಒಂದು ಕೊಡ ನೀರು ಹಿಡಿದಿಡುವ ತಾಯಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಬಂದ ಅಣ್ಣ, ಇವರೂ ಮೇಲ್ಪಂಕ್ತಿಗೆ ಯೋಗ್ಯರೇ. ಅನ್ಯಧರ್ಮದ ವಿದ್ಯಾರ್ಥಿಗಳಿಗೂ ಮೇಲಿನ ಮೂರು ಪ್ರಶ್ನೆಗಳು ಉಪಯೋಗಕ್ಕೆ ಬರುವುವೆಂದು ನಂಬಿದ್ದೇವೆ.

ಈ ರಜೆಯಲ್ಲಿ ಒಂದು ಕೆಲಸ ಮಾಡಿರಿ. ನೀವು ಮೆಚ್ಚಿದ ಒಬ್ಬರ ಹೆಸರನ್ನು ಬರೆದು, ಅವರ ಒಂದೇ ಒಂದು ಗುಣವನ್ನು ಅದರ ಕೆಳಗೆ ಬರೆಯಿರಿ. ಒಂದು ವಾರ ಆ ಗುಣವನ್ನು ನಡೆಯಲ್ಲಿ ಅಭ್ಯಾಸ ಮಾಡಿರಿ. ನಿಮ್ಮ ತಮ್ಮಂದಿರೂ ತಂಗಿಯರೂ ನಿಮ್ಮ ಸಾಲನ್ನು ನೋಡಿಯೇ ತಮ್ಮ ಸಾಲನ್ನು ಬರೆಯುತ್ತಿರುವರೆಂಬುದು ನೆನಪಿರಲಿ.